ಪೊಟ್ಟಣ ಬಿಚ್ಚಿ ಎಣಿಸಿದ ಮೇಲೆ

ಕಳೆದ ಜೂನಿನ ಒಂದು ಸಂಜೆ, ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ದಪ್ಪ ಮೆಣಸಿನಕಾಯಿ ಬೀಜದ ಪೊಟ್ಟಣವೊಂದನ್ನು ಬಿಚ್ಚಿ ಸುರಿದೆ. ಎಣಿಸಿದರೆ 17 ಬೀಜ. ಕೊಟ್ಟದ್ದು 80 ರೂಪಾಯಿ. ಅಂದರೆ ಬೀಜವೊಂದಕ್ಕೆ 4 ರೂಪಾಯಿ 70 ಪೈಸೆ. ಮೂರು ವರ್ಷದ ಹಿಂದೆ ಅದೇ ಅಂಗಡಿಯಲ್ಲಿ ಅದೇ ಚಿತ್ರದ ಪೊಟ್ಟಣವನ್ನು 35 ರೂಪಾಯಿಗೆ ತಂದಿದ್ದೆ. ಆಗ ಒಳಗೆ ಬೀಜವೂ ಹೆಚ್ಚಿತ್ತು. ಈಗ ಪೊಟ್ಟಣ ದೊಡ್ಡದಾಗಿದೆ, ಚಿತ್ರಕ್ಕೆ ಬಣ್ಣ ಬಂದಿದೆ, ಬೀಜ ಕಡಿಮೆಯಾಗಿದೆ. "ಬೀಜ ಎಣಿಸಿ ಪೈಸೆ ಲೆಕ್ಕ ಹಾಕುವ ನೀನು ಕತೆಗಾರ್ತಿ ಹೇಗಾದೆಯೋ" ಎಂದು ನಮ್ಮ ಮನೆಯವರು ನಕ್ಕರು. ಕತೆಗೆ ಸಿಗುವ ಸಂಭಾವನೆಯನ್ನು ನೋಡಿದರೆ ಬೀಜ ಎಣಿಸುವುದೇ ಮೇಲು ಎಂದೆ.

ನಮ್ಮ ತಾರಸಿಯ ಹತ್ತಿಪ್ಪತ್ತು ಕುಂಡಗಳಿಗೆ ಇದು ನಗುವ ಮಾತು. ಬೀಜವನ್ನೇ ನಂಬಿ ಭೂಮಿ ಗುತ್ತಿಗೆಗೆ ಹಿಡಿದವನಿಗೆ ನಗುವ ಮಾತಲ್ಲ. ಆ ಸಂಗತಿ ನನಗೆ ಗೊತ್ತಾದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಹೇಳುವ ಮೊದಲು ಅಮ್ಮಾನ ಬಾಟಲಿಗಳ ವಿಷಯ ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ಮಂಡಿ ಮೊಹಲ್ಲಾದಲ್ಲಿ. ಮನೆ ಚಿಕ್ಕದು, ಹಿತ್ತಲು ಇನ್ನೂ ಚಿಕ್ಕದು. ಅಷ್ಟರಲ್ಲೇ ಅಮ್ಮಾ ಚಪ್ಪರದ ಅವರೆಯನ್ನು ಹಂಚಿನ ಮೇಲೆ ಹಬ್ಬಿಸಿದ್ದಳು, ಗೋಡೆಯ ಬುಡದಲ್ಲಿ ಬದನೆ, ಬಚ್ಚಲ ನೀರು ಹರಿಯುವಲ್ಲಿ ಹೀರೆ. ಅವಳು ಬೀಜ ಕೊಂಡದ್ದನ್ನು ನಾನು ನೋಡಲೇ ಇಲ್ಲ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಹಾರ್ಲಿಕ್ಸ್ ಬಾಟಲಿಗಳಿದ್ದವು. ಒಳಗೆ ಒಲೆಯ ಬೂದಿ ಬೆರೆಸಿದ ಅವರೆ ಬೀಜ, ಬಟ್ಟೆಯ ಗಂಟಿನಲ್ಲಿ ಬದನೆ ಬೀಜ. ಹೀರೆಯ ಮೊದಲ ಕಾಯಿಗಳಲ್ಲಿ ಎರಡನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಅವಕ್ಕೆ ಕೆಂಪು ದಾರ ಕಟ್ಟುತ್ತಿದ್ದಳು. ದಾರ ಕಟ್ಟಿದ ಕಾಯಿ ಮುಟ್ಟಿದರೆ ನಮಗೆ ಏಟು. ನಾನು ಉರ್ದು ಶಾಲೆಯಲ್ಲಿ ಬೀಜ ಮೊಳೆಯುವ ಪಾಠವನ್ನು ಬಾಯಿಪಾಠ ಮಾಡುತ್ತಿದ್ದಾಗ ಅಕ್ಷರ ಬಾರದ ಅವಳು ಪಕ್ಕದಲ್ಲಿ ಕುಳಿತು ಬೀಜ ಕೇರುತ್ತಿದ್ದಳು. ನೆರೆಯವರು ಕೇಳಿದರೆ ಒಂದು ಹಿಡಿ ಕೊಡುತ್ತಿದ್ದಳು. ಹಣ ತೆಗೆದುಕೊಂಡರೆ ಬರಕತ್ ಹೋಗುತ್ತದೆ ಎನ್ನುವುದು ಅವಳ ನಂಬಿಕೆ. ನೆಟ್ಟ ಗಿಡದಿಂದ ಹಕ್ಕಿ ತಿಂದರೂ ನೆಟ್ಟವನಿಗೆ ಸದಕಾದ ಪುಣ್ಯವಿದೆ ಎಂಬ ಪ್ರವಾದಿಯವರ ಮಾತನ್ನು ಅವಳು ಗಿಳಿಗಳನ್ನು ಓಡಿಸುತ್ತಲೇ ಹೇಳುತ್ತಿದ್ದಳು ಎನ್ನುವುದು ಬೇರೆ ಮಾತು.

ಅಮ್ಮಾ ತೀರಿಕೊಂಡ ಮೇಲೆ ಆ ಮನೆ ಖಾಲಿ ಮಾಡಿದೆವು. ಅಟ್ಟದಿಂದ ಇಳಿಸಿದ ಬಾಟಲಿಗಳನ್ನು ತೊಳೆದು ಗುಜರಿಯವನಿಗೆ ಕೊಟ್ಟವಳು ನಾನೇ. ಬೂದಿ, ಬೀಜ ಎಲ್ಲ ಚರಂಡಿಗೆ ಹೋಯಿತು. ಪಾತ್ರೆ, ಸೀರೆ, ಮುತ್ತಿನ ಸರ ಯಾರಿಗೆ ಎಂದು ಅಕ್ಕತಂಗಿಯರು ಕುಳಿತು ಮಾತಾಡಿದ್ದೆವು. ಬೀಜ ಯಾರಿಗೆ ಎಂದು ಒಬ್ಬರೂ ಕೇಳಲಿಲ್ಲ.

ಬೋಗಾದಿಗೆ ನಾವು ಬಂದಾಗ ಇದು ಅರ್ಧ ಹಳ್ಳಿ, ಅರ್ಧ ಬಡಾವಣೆ. ಮಾನಸಗಂಗೋತ್ರಿಯ ಕಡೆಯಿಂದ ಬರುವ ರಸ್ತೆಯ ಎರಡೂ ಬದಿಯಲ್ಲಿ ಹೊಲಗಳು ಸೈಟುಗಳಾಗುತ್ತಿದ್ದವು. ನಮ್ಮ ಬೀದಿಯಲ್ಲಿ ನಮ್ಮದೊಂದೇ ಮುಸ್ಲಿಂ ಮನೆ. ನೆರೆಯವರು ಮಾತಾಡಿಸಲು ಸ್ವಲ್ಪ ದಿನ ಹಿಡಿಯಿತು. ಮೊದಲು ಮಾತಾಡಿಸಿದವರು ಹಿಂದಿನ ಬೀದಿಯ ಒಬ್ಬ ಅಜ್ಜಿ. ಮಾರಿ ಉಳಿದ ಎರಡು ಗುಂಟೆಯಲ್ಲಿ ಸೊಪ್ಪು, ಅವರೆ ಹಾಕಿಕೊಂಡಿದ್ದವರು. ನಾನು ಕುಂಡದ ಬಳಿ ಪೊಟ್ಟಣ ಹಿಡಿದು ನಿಂತದ್ದನ್ನು ಕಂಡು, "ಏನವ್ವಾ, ಬೀಜಕ್ಕೂ ಕಾಸು ಕೊಟ್ಟು ತಂದ್ಯಾ?" ಎಂದು ಕೇಳಿ, ಸೆರಗಿನ ಗಂಟು ಬಿಚ್ಚಿ ಕೀರೆ ಸೊಪ್ಪಿನ ಬೀಜ ಕೊಟ್ಟರು. ಆ ವರ್ಷ ರಂಜಾನಿನಲ್ಲಿ ನಮ್ಮ ಮನೆಯ ಶೀರ್ ಖುರ್ಮಾ ಅವರ ಮನೆಗೆ ಹೋಯಿತು. ನಮ್ಮ ಕೊಡುಕೊಳೆ ಶುರುವಾದದ್ದು ಹಾಗೆ.

ಕೀರೆ ಬೀಜ ನಾಲ್ಕು ವರ್ಷ ನಮ್ಮ ತಾರಸಿಯಲ್ಲೇ ಮರುಹುಟ್ಟಿತು. ಇದರಿಂದ ನನಗೆ ಕೊಬ್ಬು ಬಂತು. ಖಾಲಾನ ಮಗನೊಬ್ಬ ಹುಣಸೂರು ರಸ್ತೆಯ ಕಡೆ ಅರ್ಧ ಎಕರೆ ಗುತ್ತಿಗೆಗೆ ಹಿಡಿದು ಟೊಮೆಟೊ ಬೆಳೆಯುತ್ತಿದ್ದ. ಹಿಂದಿನ ಸಲ ಫಸಲು ಚೆನ್ನಾಗಿ ಬಂದಿತ್ತು. ಮತ್ತೆ ಬೀಜ ಕೊಳ್ಳಲು ನನ್ನ ಹತ್ತಿರ ಸಾಲ ಕೇಳಿದ. ಹತ್ತು ಗ್ರಾಮಿನ ಪುಟ್ಟ ಪೊಟ್ಟಣದ ಬೆಲೆ ಕೇಳಿ ನಾನು ಬೆಚ್ಚಿಬಿದ್ದೆ. "ನಿನ್ನ ಹೊಲದಲ್ಲೇ ಹಣ್ಣಿದೆಯಲ್ಲೋ, ಅದರದ್ದೇ ಬೀಜ ತೆಗೆ. ಅಮ್ಮಾ ಒಂದು ದಿನವಾದರೂ ಕೊಂಡಿದ್ದಳೇ?" ಎಂದೆ. ಅವನಿಗೆ ಅನುಮಾನವಿತ್ತು. ಆದರೆ ಆಪಾ ಓದಿದವಳು, ಪತ್ರಿಕೆಯಲ್ಲಿ ಬರೆಯುವವಳು. ಒಪ್ಪಿದ.

ಗಿಡವೇನೋ ಬಂತು. ಒಂದು ಎದೆಯುದ್ದ, ಒಂದು ಮೊಣಕಾಲುದ್ದ. ಒಂದರಲ್ಲಿ ದೊಡ್ಡ ಹಣ್ಣು, ಪಕ್ಕದ್ದರಲ್ಲಿ ಗೋಲಿಯಷ್ಟು. ಸಾಲಿನಲ್ಲಿ ಅರ್ಧದಷ್ಟು ಗಿಡಗಳ ಎಲೆ ಮುದುರಿಕೊಂಡಿತು. ಒಂದೇ ಅಳತೆಯ ಹಣ್ಣು ಕ್ರೇಟಿಗೆ ತುಂಬಲಾಗದೆ ಮಾರುಕಟ್ಟೆಯಲ್ಲಿ ದಲ್ಲಾಳಿ ಬಾಯಿಗೆ ಬಂದ ಬೆಲೆ ಹೇಳಿದ. ಬೀಜದಲ್ಲಿ ಉಳಿಸಿದ ಹಣಕ್ಕಿಂತ ಗೊಬ್ಬರ, ಕೂಲಿ, ಊರುಗೋಲು, ದಾರಕ್ಕೆ ಹೋದದ್ದು ಎಷ್ಟೋ ಪಟ್ಟು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅವನ ಹೆಂಡತಿ ಆ ವರ್ಷ ಬಕ್ರೀದಿಗೆ ನಮ್ಮ ಮನೆಗೆ ಬರಲಿಲ್ಲ.

ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಅವನು ಬೆಳೆದದ್ದು ಹೈಬ್ರಿಡ್. ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಮೊದಲ ಪೀಳಿಗೆಯ ಬೀಜ. ಪೊಟ್ಟಣದ ಮೇಲೆ ಎಫ್-1 ಎಂದು ಬರೆದಿರುತ್ತದೆ. ಆ ಒಂದು ಪೀಳಿಗೆಯ ಗಿಡಗಳೆಲ್ಲ ಅವಳಿ ಮಕ್ಕಳಂತೆ ಒಂದೇ ರೀತಿ, ಬಲವೂ ಹೆಚ್ಚು. ಅದರ ಬೀಜವನ್ನು ಮತ್ತೆ ಬಿತ್ತಿದರೆ ಅಜ್ಜ ಅಜ್ಜಿಯರ ಗುಣಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಹೊರಬರುತ್ತವೆ. ಹಾಗಾಗಿ ಪ್ರತಿ ಸಲವೂ ಅಂಗಡಿಗೆ ಹೋಗಲೇಬೇಕು. ಅಮ್ಮಾನ ಬದನೆ ಹಾಗಲ್ಲ, ಅದು ತನ್ನನ್ನೇ ಹೆರುವ ತಳಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇ ನನ್ನ ತಪ್ಪು.

ಈ ಹೈಬ್ರಿಡ್ ತರಕಾರಿಯ ಕತೆಯಲ್ಲಿ ನಮ್ಮ ಕರ್ನಾಟಕದ್ದು ದೊಡ್ಡ ಪಾತ್ರ. ಮನಮೋಹನ ಅತ್ತಾವರ್ 1965ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ 'ಕರ್ನಾಟಕ' ಎಂಬ ಹೈಬ್ರಿಡ್ ಟೊಮೆಟೊವನ್ನೂ 'ಭಾರತ್' ಎಂಬ ಹೈಬ್ರಿಡ್ ದಪ್ಪ ಮೆಣಸಿನಕಾಯಿಯನ್ನೂ ಹೊರತಂದಿತು. ಇಂದಿಗೂ ರಾಣೆಬೆನ್ನೂರಿನ ಸುತ್ತಿನ ಹಳ್ಳಿಗಳಲ್ಲಿ ಕಂಪನಿಗಳಿಗಾಗಿ ಹೈಬ್ರಿಡ್ ಬೀಜ ಬೆಳೆಯುತ್ತಾರೆ. ಅದು ಹೆಚ್ಚಾಗಿ ಹೆಂಗಸರ ಕೆಲಸ. ಮರುದಿನ ಅರಳಬೇಕಾದ ಮೊಗ್ಗನ್ನು ಚಿಮುಟದಿಂದ ಬಿಡಿಸಿ ಒಳಗಿನ ಕೇಸರವನ್ನು ಕಿತ್ತು, ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಆ ಹೂವಿಗೆ ಮುಟ್ಟಿಸಬೇಕು. ಹೀಗೆ ದಿನಕ್ಕೆ ನೂರಾರು ಹೂವು, ಒಂದೊಂದಾಗಿ. ಇದನ್ನು ತಿಳಿದ ಮೇಲೆ ಆ 17 ಬೀಜಗಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಇಷ್ಟು ಕೆಲಸವಿದ್ದರೆ ಅಗ್ಗವಾಗುವುದು ಹೇಗೆ? ಆದರೆ ನಾನು ಕೊಟ್ಟ 80 ರೂಪಾಯಿಯಲ್ಲಿ ಆ ಚಿಮುಟ ಹಿಡಿದ ಕೈಗೆ ಎಷ್ಟು ತಲುಪಿತು ಎಂದು ಯಾವ ಪೊಟ್ಟಣದ ಮೇಲೂ ಬರೆದಿರುವುದಿಲ್ಲ.

ಬರೆದಿರುವುದನ್ನಾದರೂ ಓದಬೇಕು. ಈಗ ನಾನು ಚಿತ್ರ ನೋಡುವುದಿಲ್ಲ, ಪೊಟ್ಟಣ ತಿರುಗಿಸಿ ಹಿಂಬದಿ ನೋಡುತ್ತೇನೆ. ಮೊಳಕೆಯ ಶೇಕಡಾವಾರು, ಪರೀಕ್ಷೆ ಮಾಡಿದ ದಿನ, ಎಲ್ಲಿಯವರೆಗೆ ಬಿತ್ತಬಹುದು, ಎಷ್ಟು ಗ್ರಾಂ. ಬದನೆ, ಟೊಮೆಟೊಗೆ ನೂರಕ್ಕೆ 70, ಬೆಂಡೆಗೆ 65, ಮೆಣಸಿನಕಾಯಿಗೆ 60 ಮೊಳೆಯಬೇಕೆಂದು ಸರ್ಕಾರದ ಕನಿಷ್ಠ ಮಾನದಂಡವಿದೆ. ಇವೆಲ್ಲ ಇರುವೆ ಗಾತ್ರದ ಇಂಗ್ಲಿಷಿನಲ್ಲಿರುತ್ತವೆ. ನಾನು ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಬರೆಯುವವಳು. ಕನ್ನಡಕ ಹಾಕಿಯೂ ತಡವರಿಸುತ್ತೇನೆ. ರೈತ ಏನು ಮಾಡಬೇಕು? ಅನುಮಾನವಿದ್ದರೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯಿತೆಂದು ನೋಡಿದರಾಯಿತು. ಅಮ್ಮಾ ಮಾಡುತ್ತಿದ್ದುದೂ ಅದನ್ನೇ.

ಹಾಗಾದರೆ ಕಡಿಮೆ ಬೆಲೆಗೆ ಒಳ್ಳೆಯ ಬೀಜ ಎಲ್ಲಿ? ಹೈಬ್ರಿಡ್ಡೂ ಅಲ್ಲದ, ಅಜ್ಜಿಯ ಸೆರಗಿನದ್ದೂ ಅಲ್ಲದ ಮೂರನೆಯ ಜಾತಿಯೊಂದಿದೆ. ಅದು ಸುಧಾರಿತ ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕ' ಬೆಂಡೆ, 'ಅರ್ಕಾ ವಿಕಾಸ್' ಟೊಮೆಟೊ ಇಂಥವು. ಒಮ್ಮೆ ಕೊಂಡರೆ ಮುಂದಿನ ಬೀಜವನ್ನು ನಾವೇ ತೆಗೆದಿಟ್ಟುಕೊಳ್ಳಬಹುದು. ಆ ಸಂಸ್ಥೆಯಲ್ಲೂ ಹೈಬ್ರಿಡ್ ಇವೆ, ಕೇಳಿಯೇ ಕೊಳ್ಳಬೇಕು. ಇನ್ನು ಸಹಜ ಸಮೃದ್ಧದವರು ನಮ್ಮ ನಂಜರಾಜ ಬಹದ್ದೂರ್ ಛತ್ರದಲ್ಲಿ ನಡೆಸುವ ಮೇಳಗಳಿಗೆ ಹೋದರೆ ನಾಟಿ ಬೀಜ ಸಿಗುತ್ತದೆ. ಮೈಸೂರಿನ ಒಂದು ಕೇರಿಯ ಹೆಸರನ್ನೇ ಹೊತ್ತ ಈರನಗೆರೆ ಬದನೆಗಾಗಿ ನಾನು ಮೈಸೂರೆಲ್ಲ ಹುಡುಕಿದ್ದೇನೆ. ವಾಂಗಿಬಾತಿಗೆ ಅದೇ ಆಗಬೇಕೆನ್ನುವವರು ಈಗಲೂ ಇದ್ದಾರೆ. ಅದರ ಬೀಜ ಇಟ್ಟವರು ಕಡಿಮೆ.

ಇಟ್ಟುಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತ ತನ್ನ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು ಎನ್ನುತ್ತದೆ. ರಕ್ಷಿತ ತಳಿಯನ್ನು ಬ್ರಾಂಡಿನ ಹೆಸರು ಹಾಕಿ ಮಾರಬಾರದು ಅಷ್ಟೆ. ಈ ಹಕ್ಕು ಸುಮ್ಮನೆ ಬಂದದ್ದಲ್ಲ. 1992ರ ಡಿಸೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಹೊರಗೆಸೆದು ಸುಟ್ಟಾಗ ಬೀಜದ ಒಡೆಯ ಯಾರು ಎಂಬ ಪ್ರಶ್ನೆ ಬೀದಿಗೆ ಬಂದಿತ್ತು. ಸುಟ್ಟದ್ದು ಸರಿಯೇ ಎಂದು ಆಗ ನಮ್ಮ ಮನೆಯಲ್ಲೇ ಜಗಳವಾಗಿತ್ತು. ಪ್ರಶ್ನೆಯಂತೂ ಸರಿಯಾಗಿತ್ತು. ನಮ್ಮವರೇ ಆದ ಮಳವಳ್ಳಿ ತಾಲ್ಲೂಕು ಕಿರುಗಾವಲಿನ ಸೈಯದ್ ಘನಿ ಖಾನ್ ಅದಕ್ಕೆ ಬೇರೆ ದಾರಿಯಲ್ಲಿ ಉತ್ತರ ಹುಡುಕಿದರು. ಭತ್ತದ ನೂರಾರು ತಳಿಗಳನ್ನು ತಮ್ಮ ಹೊಲದಲ್ಲೇ ಬೆಳೆದು ಉಳಿಸಿದ್ದಾರೆ, ಹಿರಿಯರ ಮಾವಿನ ತೋಟ 'ಬಡಾ ಬಾಗ್' ಅನ್ನೂ ಕಾಪಾಡಿಕೊಂಡಿದ್ದಾರೆ. ಮುಸ್ಲಿಮರಿಗೂ ಮಣ್ಣಿಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಆ ಊರಿನ ಬಸ್ಸು ತೋರಿಸುತ್ತೇನೆ.

ಖಾಲಾನ ಮಗ ಭೂಮಿ ಬಿಟ್ಟಿಲ್ಲ. ಮೊನ್ನೆ ಮತ್ತೆ ಬೀಜದ ಹಣಕ್ಕೆ ಬಂದ. ಅರ್ಧಕ್ಕೆ ಹೈಬ್ರಿಡ್ ಟೊಮೆಟೊವೇ ಹಾಕುತ್ತಾನಂತೆ, ಸಾಲ ತೀರಬೇಕಲ್ಲ. ನಾನು ಸುಮ್ಮನೆ ಹಣ ಎಣಿಸಿ ಕೊಟ್ಟೆ, ಬುದ್ಧಿ ಹೇಳಲಿಲ್ಲ. ಉಳಿದ ಜಾಗದ ಮಾತು ಬಂದಾಗ ಅವನೇ ಕೇಳಿದ: "ಆಪಾ, ಬೀಜ ಇಟ್ಟುಕೊಳ್ಳಬಹುದಾದ ಅವರೆ ಯಾರ ಹತ್ತಿರವಾದರೂ ಇದೆಯೇ?"

ಹಿಂದಿನ ಬೀದಿಗೆ ಕರೆದುಕೊಂಡು ಹೋದೆ. ಅಜ್ಜಿಯ ಎರಡು ಗುಂಟೆಯಲ್ಲಿ ಈಗ ಮೊಮ್ಮಗನ ಮನೆಗೆ ಪಾಯ ತೋಡಿದ್ದಾರೆ. ಅಜ್ಜಿ ಒಳಗೆ ಹೋಗಿ ಡಬ್ಬಿಯೊಂದನ್ನು ತಂದು, ಬೂದಿ ಊದಿ, ನಾಲ್ಕು ಹಿಡಿ ಅವರೆಯನ್ನು ಅವನ ಕರವಸ್ತ್ರಕ್ಕೆ ಸುರಿದರು. ಅವನು ಜೇಬಿಗೆ ಕೈ ಹಾಕಿದ.

"ಕಾಸು ಬ್ಯಾಡ ಕಣಪ್ಪ. ಎಂಟು ಹಿಡಿ ತಂದ್ಕೊಡು. ನಂಗಿನ್ನು ಬಿತ್ತಾಕೆ ಜಾಗ ಇಲ್ಲ, ಈಯವ್ವನ ಮನೇಲಿ ಮಡುಗು."

ಮನೆಗೆ ಬಂದು ಅಡುಗೆಮನೆಯಲ್ಲಿ ಖಾಲಿ ಬಾಟಲಿ ಹುಡುಕಿದೆ. ಬೂದಿ ಎಲ್ಲಿಂದ ತರುವುದೆಂದು ಹೊಳೆಯಲಿಲ್ಲ, ನಮ್ಮದು ಗ್ಯಾಸ್ ಒಲೆ.