ಕ್ಯಾಸೆಟ್ ಬಾಯಿಯ ಪರವಾಗಿ

ಹಳೆಯ ಕಾರು ಕೊಂಡವರಿಗೆ ಸಿಗುವ ಮೊದಲ ಬುದ್ಧಿವಾದ ಒಂದೇ: ಕಂಪನಿಯವರು ಕೂರಿಸಿಕೊಟ್ಟ ಸ್ಟೀರಿಯೊ ಕಿತ್ತು ದೊಡ್ಡ ಪರದೆಯದೊಂದು ಹಾಕಿಸಿಬಿಡಿ. ಇಷ್ಟು ಸಲೀಸಾಗಿ ಹೇಳುವ ಮಾತಲ್ಲ ಇದು. ಆಂಪ್ಲಿಫೈಯರ್ ಕೆಟ್ಟಿಲ್ಲ, ಸ್ಪೀಕರ್ ಹರಿದಿಲ್ಲ, ಡ್ಯಾಶ್‌ಬೋರ್ಡಿಗೆ ಹೊಂದುವಂತೆಯೇ ಮಾಡಿದ ಗುಂಡಿಗಳು ಕತ್ತಲಲ್ಲೂ ಬೆರಳಿಗೆ ಸಿಗುತ್ತವೆ. ಕೊರತೆಯಿರುವುದು ಒಂದೇ, ಐಪಾಡಿನದೋ ಫೋನಿನದೋ ಹಾಡು ಒಳಗೆ ಹೋಗಲು ದಾರಿ. ದಾರಿಯಿಲ್ಲವೆಂದು ಮನೆಯನ್ನೇ ಕೆಡವುವವರುಂಟೆ?

ದಾರಿ ಹುಡುಕುವವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಎಫ್‌ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಹಾಡನ್ನು ಪುಟ್ಟ ರೇಡಿಯೊ ನಿಲಯದಂತೆ ಪ್ರಸಾರ ಮಾಡುತ್ತದೆ. ಕಾರಿನ ರೇಡಿಯೊ ಅದನ್ನು ಹಿಡಿದುಕೊಳ್ಳಬೇಕು. ಊರ ಹೊರಗಿನ ಖಾಲಿ ರಸ್ತೆಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ 2001ರಲ್ಲಿ ಖಾಸಗಿ ಎಫ್‌ಎಂ ಶುರುವಾದ ಬೆಂಗಳೂರಿನಲ್ಲಿ 91.1, 92.7, 93.5, 98.3, 101.3, 102.9 ಎಂದು ನಿಲಯಗಳು ಒತ್ತಾಗಿ ಕೂತಿವೆ. ನಡುವೆ ಸಿಕ್ಕ ಬಿಡುವಿನಲ್ಲಿ ಈ ಸಣ್ಣ ದನಿ ನಿಲ್ಲಬೇಕು. ದನಿ ಸಣ್ಣದಾಗಿಯೇ ಇರಬೇಕೆಂಬುದು ಕಾನೂನು. ಬ್ರಿಟನ್ನಿನಲ್ಲಿ 2006ರ ಕೊನೆಯವರೆಗೂ ಇಂಥ ಸಾಧನವನ್ನು ಬಳಸುವಂತೆಯೇ ಇರಲಿಲ್ಲ. ಆಮೇಲೆ ಕೊಟ್ಟ ಅನುಮತಿಯೂ 50 ನ್ಯಾನೊವ್ಯಾಟ್ ಶಕ್ತಿಗೆ. ಹಾಗಾಗಿ ನಗರದಲ್ಲಿ ಪಲ್ಲವಿ ನಿಮ್ಮದಾದರೆ ಚರಣದ ಹೊತ್ತಿಗೆ ಯಾರದೋ ಜಾಹೀರಾತು.

ಕ್ಯಾಸೆಟ್ ಅಡಾಪ್ಟರಿನ ವಿಷಯ ಬೇರೆ. ನೋಡಲು ಕ್ಯಾಸೆಟ್ಟೇ, ಬಾಲಕ್ಕೊಂದು ವೈರು, ಒಳಗೆ ಟೇಪಿಲ್ಲ. ಟೇಪು ಹಾದುಹೋಗಬೇಕಾದ ಜಾಗದಲ್ಲಿ ಒಂದು ಚಿಕ್ಕ ಹೆಡ್ ಇದ್ದು, ಕಾರಿನ ಹೆಡ್ಡಿಗೆ ಮುಖಕ್ಕೆ ಮುಖ ಕೊಟ್ಟು ಕೂರುತ್ತದೆ. ಹಾಡು ವಿದ್ಯುತ್ತಾಗಿ ಬಂದು ಇಲ್ಲಿ ಏರಿಳಿಯುವ ಕಾಂತಕ್ಷೇತ್ರವಾಗುತ್ತದೆ. ಎದುರಿಗಿರುವ ಹೆಡ್ಡಿಗೆ ಬೇಕಾದದ್ದೂ ಅಷ್ಟೇ. ಆ ಕಾಂತತೆ ಟೇಪಿನಿಂದ ಬಂತೋ ಸುರುಳಿಯಿಂದ ಬಂತೋ ಅದು ವಿಚಾರಿಸುವುದಿಲ್ಲ. ಈ ಸೊಗಸಾದ ಉಪಾಯ ಸಾಧ್ಯವಾದದ್ದು ಕ್ಯಾಸೆಟ್ಟು ಎಲ್ಲೆಡೆ ಒಂದೇ ಅಳತೆಯದಾಗಿದ್ದುದರಿಂದ. ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನಲ್ಲಿ ಅದನ್ನು ತೋರಿಸಿತು. ಕೆಲವೇ ವರ್ಷಗಳಲ್ಲಿ, ಅಳತೆಗೆ ಬದ್ಧರಾಗಿರುವ ಯಾರು ಬೇಕಾದರೂ ಶುಲ್ಕವಿಲ್ಲದೆ ಮಾಡಬಹುದೆಂದು ಒಪ್ಪಿತು. ಜಪಾನಿನ ಡೆಕ್ಕು, ಜರ್ಮನಿಯ ಡೆಕ್ಕು, ನಮ್ಮೂರ ಅಂಗಡಿಯ ಕ್ಯಾಸೆಟ್ಟು, ಯಾವುದಕ್ಕೆ ಯಾವುದಾದರೂ ಸರಿಹೊಂದಿತು. ಡಿಜಿಟಲ್ ಹಾಡನ್ನು ಕನಸಿನಲ್ಲೂ ಕಾಣದ ಎಂಜಿನಿಯರುಗಳು ಬಿಟ್ಟುಹೋದ ಬಾಯಿಯ ಮೂಲಕ ಡಿಜಿಟಲ್ ಹಾಡು ಒಳಗೆ ಬಂತು. ಇದರ ಪಕ್ಕದಲ್ಲಿ ಐಪಾಡಿನ 30 ಪಿನ್ನಿನ ಕನೆಕ್ಟರನ್ನಿಟ್ಟು ನೋಡಿ. 2003ರಲ್ಲಿ ಬಂತು. ಕಾರು ಕಂಪನಿಗಳು ಗ್ಲೋವ್ ಬಾಕ್ಸಿನೊಳಗೆ ಅದರದೇ ಕೇಬಲ್ ಇಟ್ಟು ಹೆಮ್ಮೆಯಿಂದ ಮಾರಿದವು. 2012ರಲ್ಲಿ ಆಪಲ್ ಬೇರೊಂದು ಪಿನ್ನಿಗೆ ಹೋಯಿತು, 2022ರಲ್ಲಿ ಐಪಾಡನ್ನೇ ನಿಲ್ಲಿಸಿತು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿಯೇ 15 ವರ್ಷಕ್ಕೆ, ಆಮೇಲೆ ನವೀಕರಣ ಬೇರೆ. ಆ ಪಿನ್ನು ಅಷ್ಟು ಕಾಲವೂ ಬಾಳಲಿಲ್ಲ. ಡ್ಯಾಶ್‌ಬೋರ್ಡಿನ ಹಿಂದಿದ್ದ ಸಿಡಿ ಚೇಂಜರ್ ಸಾಕೆಟ್ಟುಗಳ ಕಥೆಯೂ ಅಷ್ಟೆ, ಒಂದೊಂದು ಕಂಪನಿಯದು ಒಂದೊಂದು ಭಾಷೆ. ಒಬ್ಬರ ಒಡೆತನದ ಬಾಗಿಲನ್ನು ಅವರು ಮುಚ್ಚಬಲ್ಲರು. ಎಲ್ಲರದಾಗಿರುವುದನ್ನು ಮುಚ್ಚುವ ಅಧಿಕಾರ ಯಾರಿಗೂ ಇಲ್ಲ, ಮಾಮೂಲಿ 3.5 ಮಿ.ಮೀ. ಆಕ್ಸ್ ಪಿನ್ನಿಗೂ ಇದೇ ಬಲ. ಅದನ್ನು ಕಿತ್ತುಹಾಕಿದ ಫೋನುಗಳಿಗೂ ಒಂದು ಗೇಣುದ್ದದ ಕನ್ವರ್ಟರ್ ಸಿಗುತ್ತದೆ.

ಅಡಾಪ್ಟರಿನ ಧ್ವನಿ ಸಾಧಾರಣ ಎನ್ನುವವರಿದ್ದಾರೆ. ನಿಜ, ಹಿನ್ನೆಲೆಯಲ್ಲಿ ಸುಯ್ ಎನ್ನುತ್ತದೆ, ಒಳಗಿನ ಹಲ್ಲುಚಕ್ರಗಳ ಕಟಕಟ ಕೇಳಿಸುತ್ತದೆ, ಕೆಲವು ಆಟೊ ರಿವರ್ಸ್ ಡೆಕ್ಕುಗಳು ಅದನ್ನು ಉಗುಳಿಯೂ ಬಿಡುತ್ತವೆ. ಆದರೆ ಟೈರು, ಗಾಳಿ, ಎಂಜಿನ್ನಿನ ಸದ್ದಿನ ನಡುವೆ ಆ ಸುಯ್‌ಕಾರ ಮುಳುಗಿಹೋಗುತ್ತದೆ. ಪ್ಲೇಯರಿನ ವಾಲ್ಯೂಮನ್ನು ಮುಕ್ಕಾಲಿಗಿಂತ ಮೇಲಿಟ್ಟು ಉಳಿದದ್ದನ್ನು ಸ್ಟೀರಿಯೊದಲ್ಲಿ ಸರಿಮಾಡಿಕೊಂಡರೆ ಇನ್ನಷ್ಟು ತಗ್ಗುತ್ತದೆ. ಬಹಳ ಜನ ಇದನ್ನು ತಿರುವುಮುರುವು ಮಾಡಿ ಅಡಾಪ್ಟರನ್ನು ಬೈಯುತ್ತಾರೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಕುಂಯ್ ಎಂಬ ದನಿಯಂತೂ ಸಾಮಾನ್ಯವಾಗಿ ಅಡಾಪ್ಟರಿನ ತಪ್ಪಲ್ಲ. ಪ್ಲೇಯರನ್ನು ಕಾರಿನಲ್ಲೇ ಚಾರ್ಜಿಗೆ ಹಾಕಿದಾಗ ಎರಡು ಕಡೆಯಿಂದ ಅರ್ತ್ ಸೇರಿ ಆಲ್ಟರ್ನೇಟರಿನ ಗದ್ದಲ ಹಾಡಿನೊಳಗೆ ನುಗ್ಗುತ್ತದೆ. ಚಾರ್ಜರ್ ತೆಗೆದರೆ ನಿಂತೀತು, ಇಲ್ಲವೇ ನಡುವೆ ಸಣ್ಣದೊಂದು ಐಸೊಲೇಟರ್ ಹಾಕಿದರೆ ಸಾಕು.

ಹೊಸ ಪರದೆಯಲ್ಲಿ ಎಲ್ಲವೂ ಇದೆಯಲ್ಲ ಎಂಬುದು ಕೊನೆಯ ವಾದ. ಎಲ್ಲವೂ ಇಲ್ಲ, ಕ್ಯಾಸೆಟ್ ಇಲ್ಲ. 1978ರ ‘ನಿತ್ಯೋತ್ಸವ’ದಿಂದ ಮುಂದೆ ಕನ್ನಡದ ಭಾವಗೀತೆ ಮನೆಮನೆಗೆ ಹೋದದ್ದು ಕ್ಯಾಸೆಟ್ಟಿನಲ್ಲಿ. ಹೆಸರಾದವೆಲ್ಲ ಈಗ ಫೋನಿನಲ್ಲಿ ಸಿಗುತ್ತವೆ, ಒಪ್ಪೋಣ. ಸಿಗದಿರುವುದು ಯಾರೋ ಮುಂದಿನ ಸಾಲಿನಲ್ಲಿ ಕೂತು ತುಂಬಿಕೊಂಡ ತಾಳಮದ್ದಲೆ, ಮದುವೆ ಮನೆಯ ಹಾಡು, ತೀರಿಹೋದ ಅಜ್ಜಿಯ ದನಿ. ಅವು ಎಲ್ಲಿಯೂ ಅಪ್‌ಲೋಡ್ ಆಗಿಲ್ಲ. ಎಷ್ಟೋ ಮನೆಗಳಲ್ಲಿ ಅವನ್ನು ಇನ್ನೂ ನುಡಿಸಬಲ್ಲ ಯಂತ್ರ ಉಳಿದಿರುವುದು ಕಾರಿನೊಳಗೆ ಮಾತ್ರ, ಅಡಾಪ್ಟರನ್ನು ಎಜೆಕ್ಟ್ ಮಾಡಿದರೆ ಅದು ಮತ್ತೆ ಟೇಪ್ ಡೆಕ್ಕೇ. ಹೆಡ್ಡಿನ ಮೇಲೆ ಕೊಳೆ ಕೂತಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಒಣಗಿದ ಮೇಲೆ ಹಾಕಿ.