ಮುಚ್ಚಳ ಮುಚ್ಚಿದ ಮೇಲೆ

ರಾತ್ರಿ ಹಾಸಿಗೆಗೆ ಒರಗಿದ ಹೆಂಗಸರೆಲ್ಲ ನಿದ್ದೆ ಮಾಡುತ್ತಿದ್ದಾರೆಂದು ತಿಳಿಯುವುದು ಗಂಡಸರ ಭ್ರಮೆ. ಕಣ್ಣು ಮುಚ್ಚಿದ್ದರೂ ಕಿವಿ ಹಾಲಿನ ಪಾತ್ರೆಯ ಕಡೆ, ಬೆಕ್ಕಿನ ಕಡೆ, ಇನ್ನೂ ಬಾರದ ಮಗನ ಸ್ಕೂಟರಿನ ಸದ್ದಿನ ಕಡೆ ಇರುತ್ತದೆ. ಈಗಿನ ಲ್ಯಾಪ್‌ಟಾಪುಗಳೂ ನಮ್ಮ ಗುಂಪಿಗೇ ಸೇರಿದವೆಂದು ನನಗೆ ಗೊತ್ತಾದದ್ದು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ.

ಅಂದು ಹತ್ತನೆಯ ತರಗತಿಗೆ ಮಾನ್ಸೂನ್ ಮಾರುತಗಳ ಪಾಠ. ನಕ್ಷೆಯ ಮೇಲೆ ಮೋಡಗಳು ಚಲಿಸುವ ಚಿತ್ರವೊಂದನ್ನು ಸಿದ್ಧಮಾಡಿಕೊಂಡು, ಬ್ಯಾಟರಿ ತುಂಬಿಸಿ, ರಾತ್ರಿಯೇ ಮುಚ್ಚಳ ಮುಚ್ಚಿ ಚೀಲದಲ್ಲಿಟ್ಟಿದ್ದೆ. ಬಸ್ಸಿನಲ್ಲಿ ತೊಡೆಯ ಮೇಲಿನ ಚೀಲ ಬೆಚ್ಚಗಾಯಿತು. ಊಟದ ಡಬ್ಬಿಯಿರಬೇಕೆಂದು ಕೈಹಾಕಿದರೆ ಮೊಸರನ್ನ ತಣ್ಣಗೇ ಇದೆ, ಸುಡುತ್ತಿರುವುದು ಲ್ಯಾಪ್‌ಟಾಪು! ತರಗತಿ ಮುಟ್ಟುವಷ್ಟರಲ್ಲಿ ಬ್ಯಾಟರಿ ಬರಿದು. ಆ ಹೊತ್ತಿಗೆ ಕರೆಂಟೂ ಇರಲಿಲ್ಲ. ಚಿತ್ರ ಕಾಣಲೆಂದು ಮುಂದೆ ಬಂದು ನೆಲದ ಮೇಲೆ ಒತ್ತಿಕೊಂಡು ಕುಳಿತಿದ್ದ ಮಕ್ಕಳಿಗೆ ಕೊನೆಗೆ ಸೀಮೆಸುಣ್ಣದ ಬಾಣಗಳೇ ಗತಿಯಾದವು. ಅವರ ಮುಖ ನೋಡಲು ನನಗೆ ಸಂಕಟವಾಯಿತು.

ರಿಪೇರಿಯವನು "ಸಾಫ್ಟ್‌ವೇರ್ ತೊಂದರೆ ಮೇಡಂ" ಎಂದ. ಫೋನಿನಲ್ಲಿ ಸಿಕ್ಕ ಇನ್ನೊಬ್ಬರು "ಇಲ್ಲ, ಯಂತ್ರದ್ದೇ" ಎಂದರು. ಇಬ್ಬರದೂ ಅರ್ಧರ್ಧ ನಿಜ.

ತಯಾರಕರು ಯಂತ್ರದೊಳಗೇ ಬರೆದಿಟ್ಟ ಫರ್ಮ್‌ವೇರ್ ಎಂಬುದಿದೆಯಲ್ಲ, ಅದು ಮನೆಯ ಅತ್ತೆ. ಆಮೇಲೆ ಬಂದು ಸಂಸಾರ ನಡೆಸುವ ಆಪರೇಟಿಂಗ್ ಸಿಸ್ಟಂ ಸೊಸೆ. ದೀಪ ಆರಿಸುವುದು ಯಾರೆಂದು ಇಬ್ಬರಲ್ಲಿ ಒಪ್ಪಂದವಾಗಬೇಕು. 1992ರ ಎಪಿಎಂ ಪದ್ಧತಿಯಲ್ಲಿ ಅತ್ತೆಯದೇ ಕಾರುಬಾರು ಹೆಚ್ಚು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ಕರಾರು ಬರೆದು ಬೀಗದ ಕೈಯನ್ನು ಸೊಸೆಗೆ ಕೊಡಿಸಿದವು. ಆದರೆ ಯಾವ ಕೋಣೆಗೆ ಯಾವ ಬೀಗವೆಂಬ ಪಟ್ಟಿ ಕೊಡಬೇಕಾದವಳು ಈಗಲೂ ಅತ್ತೆಯೇ. ಲಿನಕ್ಸ್ ಎಂಬ ಸೊಸೆಯಂತೂ, "ನೀನು ವಿಂಡೋಸೇನಮ್ಮಾ?" ಎಂದು ಫರ್ಮ್‌ವೇರ್ ಕೇಳಿದರೆ "ಹೌದತ್ತೆ" ಎಂದುಬಿಡುತ್ತಾಳೆ! ಬಹುಪಾಲು ತಯಾರಕರು ವಿಂಡೋಸನ್ನಿಟ್ಟುಕೊಂಡೇ ಪರೀಕ್ಷೆ ಮಾಡುವಾಗ ಪಾಪ, ಅವಳಾದರೂ ಏನು ಮಾಡಿಯಾಳು?

ಹಳೆಯ ನಿದ್ದೆಗೆ ಎಸ್3 ಎಂದು ಹೆಸರು. ನೆನಪಿನ ಭಾಗಕ್ಕೆ ತುಸು ವಿದ್ಯುತ್ತು ಬಿಟ್ಟು ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಆರುತ್ತಿತ್ತು. 2012ರಲ್ಲಿ ವಿಂಡೋಸ್ 8ರ ಜೊತೆಗೆ, ಮೊಬೈಲಿನಂತೆ ತಟ್ಟನೆ ಏಳುವ ಹೊಸ ಬಗೆಯ ನಿದ್ದೆ ಬಂತು. ಗುಂಡ್ಲುಪೇಟೆಯಾಚೆಯ ಬಂಡೀಪುರದ ರಸ್ತೆಯನ್ನು 2009ರಿಂದ ರಾತ್ರಿ 9ಕ್ಕೆ ಮುಚ್ಚಿದರೂ ಆಂಬುಲೆನ್ಸಿಗೆ, ಕೆಲವೇ ಬಸ್ಸುಗಳಿಗೆ ದಾರಿ ಬಿಡುವುದಿಲ್ಲವೇ, ಹಾಗೆ ಇಲ್ಲಿಯೂ ಇ-ಮೇಲು, ಸಂದೇಶಗಳಿಗೆ ಗೇಟು ಓರೆ ತೆರೆದಿರುತ್ತದೆ. ವೈಫೈಯೋ ಇನ್ನೊಂದು ಬಿಡಿಭಾಗವೋ ಮಲಗಲೊಲ್ಲೆ ಎಂದು ಹಟ ಹಿಡಿದರೆ ಇಡೀ ಮನೆಗೇ ಜಾಗರಣೆ. ಎಷ್ಟೋ ಹೊಸ ಯಂತ್ರಗಳ ಫರ್ಮ್‌ವೇರಿನಲ್ಲಿ ಎಸ್3 ಇಲ್ಲವೇ ಇಲ್ಲ. ಸೊಸೆ ಬೇಡಿದರೂ ಸಿಗದು. ಇಂಥದ್ದಕ್ಕೆ ನಿದ್ದೆ ಎಂದು ಹೆಸರಿಟ್ಟವರ ಮೇಲೆ ನನಗಿನ್ನೂ ಸಿಟ್ಟಿದೆ. ಪರದೆಯ ಅಳತೆಯನ್ನು ಬಾಯಿಪಾಠ ಒಪ್ಪಿಸುವ ಅಂಗಡಿಯವರು ಇದನ್ನೊಂದು ಹೇಳುವುದಿಲ್ಲ ನೋಡಿ.

ಪವರ್ ಆಯ್ಕೆಗಳೊಳಗೆ ಹುಡುಕಿ, ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವಂತೆ ಮಾಡಿಕೊಂಡಿದ್ದೇನೆ. ನೆನಪನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಯಂತ್ರ ಪೂರ್ತಿ ಆರುತ್ತದೆ. ಏಳುವುದು ತುಸು ನಿಧಾನ. ಅಷ್ಟರಲ್ಲಿ ಕಾಫಿಗೆ ನೀರಿಟ್ಟು ಬರುತ್ತೇನೆ.