ಅಮ್ಮ ನಡೆದ ಬೆಟ್ಟ

ಅಮ್ಮನಿಗೆ ಒಂದು ಅಭ್ಯಾಸವಿತ್ತು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ, ಎಲ್ಲಿದ್ದರೂ ಎದ್ದು ಬಂದು ಆರಿಸುತ್ತಿದ್ದಳು. ಒಲೆಯ ಮೇಲೆ ಒಗ್ಗರಣೆ ಸೀದರೂ ಚಿಂತೆಯಿಲ್ಲ, ಮೊದಲು ಸ್ವಿಚ್ಚು. ನಾವು ಮಕ್ಕಳು ಅದನ್ನು ಜಿಪುಣತನವೆಂದೇ ತಿಳಿದು ನಗುತ್ತಿದ್ದೆವು. "ಬಿಲ್ಲು ಕಟ್ಟುವವರು ಅಪ್ಪ, ನಿನಗೇಕಮ್ಮ ಸಂಕಟ?" ಎಂದರೆ ಅವಳು ಉತ್ತರ ಕೊಡುತ್ತಿರಲಿಲ್ಲ. ಆ ಉತ್ತರ ನನಗೆ ಸಿಕ್ಕಿದ್ದು 2007ರಲ್ಲಿ, ಕೊಡಚಾದ್ರಿಯ ನೆತ್ತಿಯ ಮೇಲೆ.

ಆ ವರ್ಷ ದೀಪಾವಳಿಗೆಂದು ಸಾಗರದ ತವರಿಗೆ ಹೋಗಿದ್ದೆ. ಹಬ್ಬದ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ ಮೇಲೆ ಅಮ್ಮ ಮೆಲ್ಲಗೆ, "ಕೂಸೆ, ನನ್ನನ್ನು ಕೊಡಚಾದ್ರಿಗೆ ಕರ್ಕೊಂಡು ಹೋಗ್ತೀಯಾ?" ಎಂದಳು. ಆಗ ಅವಳಿಗೆ ಅರವತ್ತಮೂರು. "ಅದಕ್ಕೇನಮ್ಮ, ಜೀಪು ಮಾಡಿಕೊಂಡು ಹೋಗೋಣ" ಎಂದೆ. "ಜೀಪು ಬೇಡ. ನಡೆದೇ ಹೋಗ್ಬೇಕು. ಹರಕೆ" ಎಂದಳು.

ಹರಕೆಯ ಕಥೆ ಆಗ ಹೊರಬಿತ್ತು. ಅಮ್ಮನಿಗೆ ಏಳು ವರ್ಷವಾಗಿದ್ದಾಗ ವಿಷಮಶೀತ ಜ್ವರ ಬಂದು ಬದುಕುವುದೇ ಕಷ್ಟವಾಗಿತ್ತಂತೆ. ಅಜ್ಜ, "ಮಗಳು ಎದ್ದು ಕೂತರೆ ಅವಳನ್ನು ನಡೆಸಿಕೊಂಡೇ ಬಂದು ಬೆಟ್ಟದ ಮೇಲಿನ ಮೂಲ ಮೂಕಾಂಬಿಕೆಗೆ ಹಣ್ಣುಕಾಯಿ ಮಾಡಿಸ್ತೇನೆ" ಎಂದು ಹೇಳಿಕೊಂಡಿದ್ದರು. ಮಗಳು ಎದ್ದು ಕೂತಳು. ಆದರೆ ಅಡಿಕೆ ಕೊಯ್ಲು ಮುಗಿಯಲಿ, ಬರುವ ವರ್ಷ ನೋಡೋಣ ಎನ್ನುತ್ತ ಹನ್ನೊಂದು ವರ್ಷ ಕಳೆದು ಹೋಯಿತು. 1962ರಲ್ಲಿ ಅಮ್ಮನಿಗೆ ಮದುವೆಯಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಅವಳ ತವರು ಹಳ್ಳಿ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಅಜ್ಜ ಮನೆಯ ಹೆಂಚು, ಪ್ರಧಾನ ಬಾಗಿಲು, ಒಂದು ಕಡೆಗೋಲು ಇಷ್ಟನ್ನು ಲಾರಿಯಲ್ಲಿ ಹೇರಿಕೊಂಡು ಶಿವಮೊಗ್ಗದ ಕಡೆ ಹೋದರು. ಹರಕೆ ಹಾಗೇ ಉಳಿಯಿತು.

ಅಣ್ಣ ಬೇಡವೆಂದ. "ರಕ್ತದೊತ್ತಡದ ಮಾತ್ರೆ ನುಂಗುವವಳು, ಮಂಡಿನೋವು ಬೇರೆ. ಬೆಟ್ಟದಲ್ಲಿ ಏನಾದರೂ ಆದರೆ ಯಾರು ಹೊಣೆ?" ಎಂದು ನನ್ನ ಮೇಲೆ ರೇಗಿದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಹೊಣೆ ನನ್ನದೇ ಎಂದುಬಿಟ್ಟೆ. ಹೇಳಿದ ಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಕೊಡಚಾದ್ರಿ ಇರುವುದು ಹೊಸನಗರ ತಾಲ್ಲೂಕಿನಲ್ಲಿ. ಎತ್ತರ 1343 ಮೀಟರು. ಜೀಪು ಹೋಗುವ ಮಣ್ಣುದಾರಿ ಒಂದಿದೆ. ನಾವು ಹಿಡಿದದ್ದು ಕಟ್ಟಿನಹೊಳೆಯಿಂದ ಹಿಡ್ಲುಮನೆ ಜಲಪಾತದ ಪಕ್ಕದಲ್ಲಿ ಏರುವ ಕಾಲುದಾರಿ. ದಾರಿ ತೋರಿಸಲು ಅಲ್ಲಿಯದೇ ಒಬ್ಬ ಹುಡುಗ ಕತ್ತಿ ಹಿಡಿದು ಮುಂದೆ ನಡೆದ. ದಾರಿ ಎಂದರೆ ಅವನ ಕಣ್ಣಿಗೆ ಮಾತ್ರ ದಾರಿ. ಮಳೆಗಾಲವಿಡೀ ಹಬ್ಬಿದ ಬೆತ್ತದ ಮುಳ್ಳು, ಎದೆಯೆತ್ತರ ಬೆಳೆದ ಕಮ್ಯುನಿಸ್ಟ್ ಗಿಡ, ಅಡ್ಡ ಬಿದ್ದ ಮರ. ಅವನು ಸವರಿದಷ್ಟು ದೂರ ನಾವು ಹೋಗುವುದು, ಮತ್ತೆ ನಿಲ್ಲುವುದು.

ಅಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಪಾದಕ್ಕೆಲ್ಲ ಸುಣ್ಣ ಮತ್ತು ಹೊಗೆಸೊಪ್ಪಿನ ನೀರು ಬಳಿದುಕೊಂಡಿದ್ದಳು. ಸಾಕ್ಸು, ಬೂಟು ಎಂದು ಸಜ್ಜಾಗಿ ಹೋದ ನನಗೆ ಹೆಜ್ಜೆಗೊಂದು ಉಂಬಳ ಹತ್ತಿತು. ಸಾಕ್ಸಿನ ಒಳಗೇ ನುಗ್ಗಿ ರಕ್ತ ಕುಡಿದು ದುಂಡಗಾಗಿದ್ದವು. ಅಮ್ಮ ನಗುತ್ತ ಅವನ್ನು ಉಪ್ಪಿನ ಗಂಟಿನಿಂದ ಮುಟ್ಟಿ ಉದುರಿಸಿದಳು. "ಕಿತ್ತು ಎಳೀಬೇಡ, ಗಾಯ ಆಗಿ ತಿಂಗಳುಗಟ್ಟಲೆ ತುರಿಸ್ತದೆ. ತಾನಾಗಿ ಬಿಡಬೇಕು" ಎಂದಳು. ನಾನು ಅವಳನ್ನು ಕರೆದುಕೊಂಡು ಹೋಗುತ್ತಿದ್ದೇನೆಂಬ ನನ್ನ ಜಂಬ ಅಲ್ಲಿಗೆ ಮುಗಿಯಿತು.

ಜಲಪಾತ ಒಂದರ ಮೇಲೊಂದು ಮೆಟ್ಟಿಲಾಗಿ ಧುಮುಕುತ್ತದೆ. ಅದರ ಪಕ್ಕದಲ್ಲಿ ಬೇರು ಹಿಡಿದು, ಬಂಡೆಗೆ ಹೊಟ್ಟೆ ಒತ್ತಿ ಹತ್ತಬೇಕು. ಅಮ್ಮ ಬಾಯಿ ಮುಚ್ಚಿಕೊಂಡು ಹತ್ತುತ್ತಿದ್ದಳು. ನಡುನಡುವೆ ನಿಂತು ತರಗೆಲೆಯ ಮೇಲೆ ಬಿದ್ದ ಒಂದು ಎಲೆಯನ್ನೋ ಕಾಯಿಯನ್ನೋ ಎತ್ತಿ ಮೂಸಿ, "ಇದು ರಾಮಪತ್ರೆ", "ಇದು ಉಪ್ಪಾಗೆ, ಇದರ ಸಿಪ್ಪೆ ಒಣಗಿಸಿ ಹುಳಿಗೆ ಹಾಕ್ತಿದ್ವಿ" ಎನ್ನುವಳು. ನಲವತ್ತೈದು ವರ್ಷ ಪೇಟೆಯ ಅಂಗಡಿಯಿಂದ ಹುಣಸೆಹಣ್ಣು ತಂದವಳ ಬಾಯಲ್ಲಿ ಆ ಹೆಸರುಗಳು ಅಷ್ಟು ಸಲೀಸಾಗಿ ಬರುವುದನ್ನು ಕೇಳಿ, ಇವಳು ನನಗೆ ಗೊತ್ತಿಲ್ಲದ ಹೆಂಗಸು ಎನಿಸಿತು.

ಕಾಡು ಮುಗಿದು ಹುಲ್ಲಿನ ಬೋಳುಗುಡ್ಡ ಶುರುವಾಗುವಲ್ಲಿ ಕಡಿದಾದ ಏರು. ಒಂದು ಕಡೆ ಆಳದ ಕಣಿವೆ. ಹುಲ್ಲು ಸೊಂಟದವರೆಗೆ ಬೆಳೆದು ಕೆಳಗಿನ ಕಲ್ಲು ಕಾಣುತ್ತಿರಲಿಲ್ಲ. ಅಮ್ಮ ಕಾಲಿಟ್ಟ ಕಲ್ಲು ಉರುಳಿತು. ಕೂತಲ್ಲೇ ನಾಲ್ಕು ಮಾರು ಜಾರಿ, ಎರಡು ಕೈಯಲ್ಲೂ ಹುಲ್ಲಿನ ಬುಡ ಹಿಡಿದು ನಿಂತಳು. ಹುಡುಗ ಓಡಿ ಬಂದು ರಟ್ಟೆ ಹಿಡಿದು ಎತ್ತಿದ. ಅವಳ ಅಂಗೈ ಎರಡೂ ಕೊಯ್ದುಹೋಗಿದ್ದವು. ನನಗೆ ಕಾಲು ನಡುಗಿ ಅಳುವೇ ಬಂತು. "ಸಾಕಮ್ಮ, ದೇವಿ ಮೆಚ್ಚಿದಳು, ಇಳಿಯೋಣ" ಎಂದೆ. ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಇಳಿಯೋದೂ ಇದೇ ದಾರಿ ತಾನೆ? ಹತ್ತೋದೇ ಸುಲಭ" ಎಂದು ಮುಂದೆ ನಡೆದಳು.

ಸಂಜೆಯ ಹೊತ್ತಿಗೆ ಮೂಲ ಮೂಕಾಂಬಿಕೆಯ ಗುಡಿ ಮುಟ್ಟಿದೆವು. ಗುಡಿಯ ಬಳಿ ಎತ್ತರದ ಕಬ್ಬಿಣದ ಕಂಬವಿದೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲವೇ ಅದು ಎಂಬುದು ಜನರ ನಂಬಿಕೆ. ಹಣ್ಣುಕಾಯಿ ಆಯಿತು. ಐವತ್ತಾರು ವರ್ಷದ ಹರಕೆ ಐದು ನಿಮಿಷದಲ್ಲಿ ತೀರಿತು. ರಾತ್ರಿ ಅರ್ಚಕರ ಮನೆಯಲ್ಲಿ ಬಿಸಿಬಿಸಿ ಅನ್ನ, ಸಾರು, ಮಜ್ಜಿಗೆ ಉಂಡು, ಚಳಿಗೆ ಮುದುರಿ ಮಲಗಿದೆವು. ಬಂದ ಕೆಲಸ ಮುಗಿಯಿತು, ಬೆಳಿಗ್ಗೆ ಜೀಪಿನಲ್ಲಿ ಇಳಿಯುವುದು ಎಂದು ನನ್ನ ಲೆಕ್ಕ.

ಬೆಳಕು ಹರಿಯುವ ಮೊದಲೇ ಅಮ್ಮ ಎಬ್ಬಿಸಿದಳು. "ಇನ್ನೂ ಮೇಲೆ ಹೋಗ್ಬೇಕು." ಗುಡಿಯಿಂದ ತುದಿಗೆ ಮತ್ತೊಂದು ಏರು. ತುದಿಯಲ್ಲಿ ಸರ್ವಜ್ಞ ಪೀಠವೆಂಬ ಪುಟ್ಟ ಕಲ್ಲಿನ ಮಂಟಪ. ಶಂಕರಾಚಾರ್ಯರು ತಪಸ್ಸು ಮಾಡಿದ ಜಾಗವೆನ್ನುತ್ತಾರೆ. ಪಡುವಣ ಕಡೆ ಬೆಟ್ಟ ಒಮ್ಮೆಲೇ ಕುಸಿದು ಕೊಲ್ಲೂರಿನ ಕಾಡು ಹಸಿರು ಕಂಬಳಿ ಹಾಸಿದಂತಿತ್ತು. ಅದರಾಚೆ ಆಕಾಶ ಯಾವುದು, ಸಮುದ್ರ ಯಾವುದು ಎಂದು ತಿಳಿಯದ ಒಂದು ಮಾಸಲು ಗೆರೆ. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ಒಂದಕ್ಕಿಂತ ಒಂದು ತಿಳಿ ನೀಲಿ. ನಾನು ಅತ್ತಲೇ ಮೈಮರೆತು ನಿಂತಿದ್ದೆ. ತಿರುಗಿ ನೋಡಿದರೆ ಅಮ್ಮ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದಳು.

ಬಡಗಣ ಕಡೆ ಮಂಜು ಕರಗಿದಂತೆ ನೀರು ಕಾಣತೊಡಗಿತು. ಶರಾವತಿಯ ಹಿನ್ನೀರು. ಕೈಬೆರಳು ಚಾಚಿದಂತೆ ಕಣಿವೆಕಣಿವೆಗೆ ನುಗ್ಗಿದ ನೀರು, ನಡುವೆ ಅಲ್ಲಲ್ಲಿ ಕಪ್ಪಗೆ ನಡುಗಡ್ಡೆಗಳು. ಅಮ್ಮ ಗಾಯದ ಕೈ ಎತ್ತಿ ಏನೋ ಎಣಿಸುತ್ತಿದ್ದಳು.

"ಅಪ್ಪಯ್ಯ ಹೇಳ್ತಿದ್ದ, ಕೊಡಚಾದ್ರಿ ತುದಿಯಿಂದ ನಮ್ಮೂರು ಕಾಣ್ತದೆ ಅಂತ. ಹರಕೆಗೆ ಹೋದಾಗ ತೋರಿಸ್ತೇನೆ ಅಂದಿದ್ದ." ಸ್ವಲ್ಪ ಹೊತ್ತು ಬಿಟ್ಟು, "ಅಗೋ, ಆ ಎರಡು ನಡುಗಡ್ಡೆ ಇದೆಯಲ್ಲ, ದೊಡ್ಡದರ ಪಕ್ಕ ಸಣ್ಣದು. ಅದು ನಮ್ಮ ಮನೆ ಹಿಂದಿನ ಗುಡ್ಡದ ತಲೆ ಇರಬೇಕು. ದನ ಹೊಡ್ಕೊಂಡು ಅಲ್ಲಿಗೆ ಹತ್ತುತಿದ್ವಿ. ಅಲ್ಲಿಂದ ಈ ಬೆಟ್ಟ ಕಾಣ್ತಿತ್ತು" ಎಂದಳು.

ಅವಳು ತೋರಿಸಿದ ನಡುಗಡ್ಡೆ ಅದೇ ಹೌದೋ ಅಲ್ಲವೋ, ಅಷ್ಟು ದೂರದಿಂದ ಹೇಳುವುದು ಹೇಗೆ? ನಾನು ಕೇಳಲಿಲ್ಲ. ಅಮ್ಮ ಬಂದದ್ದು ಹರಕೆಗೆಂದು ನಾನು ತಿಳಿದಿದ್ದೆ. ಅವಳು ಬಂದದ್ದು ಊರು ನೋಡಲು.

"ಅಳು ಬರ್ತದೇನಮ್ಮ?" ಎಂದೆ. "ಅಳೋದೆಲ್ಲ ಆಗಲೇ ಆಗಿದೆ" ಎಂದಳು. "ನಿನ್ನ ಬಾಣಂತನಕ್ಕೆ ನನಗೆ ತವರಿಗೆ ಹೋಗೋಕೆ ಆಗ್ಲಿಲ್ಲ. ಹೊಸ ಜಾಗದಲ್ಲಿ ಅಪ್ಪಯ್ಯ ಇನ್ನೂ ಗುಡಿಸಲಲ್ಲಿದ್ದ. ಆಗ ಅತ್ತೆಮನೇಲಿ ಕರೆಂಟು ಹಾಕಿಸಿದ್ರು. ಕೋಣೇಲಿ ಬಲ್ಬು ನೋಡ್ತಾ ಮಲಗ್ತಿದ್ದೆ. ನಮ್ಮ ಮನೆ ನೀರಾಗಿ, ನೀರು ಬೆಳಕಾಗಿ ಇಲ್ಲಿಗೆ ಬಂತಲ್ಲ ಅಂತ. ಯಾರೂ ಇಲ್ಲದ ಕಡೆ ಅದು ಉರಿದ್ರೆ ಹೊಟ್ಟೆ ಉರೀತದೆ ಕೂಸೆ."

ನಾನು ಏನೂ ಹೇಳಲಾರದೆ ಅವಳ ಕೈ ಹಿಡಿದುಕೊಂಡೆ. ಲಿಂಗನಮಕ್ಕಿಯ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ತಿರುಗುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿ ಅಂಕ ತೆಗೆದವಳು ನಾನು. ಅಡುಗೆಮನೆಯಲ್ಲೇ ಇದ್ದ ಪಾಠ ನನಗೆ ಕಂಡಿರಲಿಲ್ಲ.

ಇಳಿಯುವಾಗ ಜೀಪಿನಲ್ಲೇ ಇಳಿದೆವು. "ಹರಕೆ ಹತ್ತೋದಕ್ಕೆ ಮಾತ್ರ" ಎಂದು ಅಮ್ಮನೇ ನಕ್ಕಳು. ಮನೆಗೆ ಬಂದಾಗ ಅಣ್ಣ ಅವಳ ಅಂಗೈ ನೋಡಿ ನನ್ನನ್ನು ಚೆನ್ನಾಗಿ ಬೈದ. ಬೈಸಿಕೊಂಡೆ.

ಅಮ್ಮ 2019ರಲ್ಲಿ ತೀರಿಕೊಂಡಳು. 2025ರ ಜುಲೈಯಲ್ಲಿ ಸಿಗಂದೂರಿಗೆ ಹಿನ್ನೀರಿನ ಮೇಲೆ ದೊಡ್ಡ ಸೇತುವೆ ಆಯಿತು. ಅದನ್ನು ದಾಟುವಾಗ ಮೊಮ್ಮಗಳು ಕಿಟಕಿಯಿಂದ ನೀರು ನೋಡಿ ಚಪ್ಪಾಳೆ ತಟ್ಟಿದಳು. ಅವಳಿಗೆ ಇನ್ನೂ ಏನೂ ಹೇಳಿಲ್ಲ. ಆದರೆ ಮೊನ್ನೆ ಅವಳು ನನ್ನ ಮಗಳಿಗೆ ದೂರು ಹೇಳುವುದು ಕೇಳಿಸಿತು: "ಅಜ್ಜಿ ತುಂಬಾ ಜಿಪುಣಿ ಅಮ್ಮಾ. ನಾನು ಆಚೆ ಹೋದ ಕೂಡಲೇ ಲೈಟು ಆರಿಸಿಬಿಡ್ತಾಳೆ."

ಅವಳ ಕಾಲು ಇನ್ನಷ್ಟು ಗಟ್ಟಿಯಾಗಲಿ. ಕೊಡಚಾದ್ರಿಗೆ ಕರೆದುಕೊಂಡು ಹೋಗುತ್ತೇನೆ, ನಡೆಸಿಕೊಂಡೇ.